ಹೃದಯ ಸ್ನಾಯು ಸೋತ ನಾಯಿಯಲ್ಲಿ ಹಾರ್ಮೋನುಗಳ ಏರುಪೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಬರ್‌ಮನ್, ಗ್ರೇಟ್ ಡೇನ್‌ನಂತಹ ದೊಡ್ಡ ನಾಯಿ ಸಾಕಿದವರು ಹೃದಯದ ಕಾಯಿಲೆಯ ವರದಿ ಹಿಡಿದು ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟು ಹಾರ್ಮೋನಿಗೆ ಸೇರಿದವು. ಕೇಳುವವರಿಗೆ ಅದು ಗೊತ್ತಿರುವುದಿಲ್ಲ, ಅಷ್ಟೆ. ನೀರು ಯಾಕೆ ಇಷ್ಟು ಕುಡಿಯುತ್ತದೆ, ತಿಂದರೂ ಯಾಕೆ ಸೊರಗುತ್ತದೆ, ಥೈರಾಯ್ಡ್ ಯಾಕೆ ಕಡಿಮೆ ಬಂತು, ಇಷ್ಟೊಂದು ಮಾತ್ರೆ ಯಾಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರದ ಬೇರು ಒಂದೇ ಕಡೆ ಇದೆ. ಹಾಗೆ ಬಂದ ಪ್ರಶ್ನೆಗಳನ್ನು ಸರಳವಾದವು ಮೊದಲು ಬರುವಂತೆ ಜೋಡಿಸಿದ್ದೇನೆ. ಔಷಧದ ಪ್ರಮಾಣವನ್ನು ಬೇಕೆಂದೇ ಎಲ್ಲೂ ಬರೆದಿಲ್ಲ. ಅದನ್ನು ನಿಮ್ಮ ನಾಯಿಯನ್ನು ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು.

## ಮೊದಲು ತಿಳಿಯಬೇಕಾದವು

“ಹೃದಯ ದೊಡ್ಡದಾಗಿದೆ ಎಂದರು. ದೊಡ್ಡದಾದರೆ ಒಳ್ಳೆಯದಲ್ಲವೇ?”

ಅಲ್ಲ. ಡೈಲೇಟೆಡ್ ಕಾರ್ಡಿಯೋಮಯೋಪತಿ, ಚಿಕ್ಕದಾಗಿ ಡಿಸಿಎಂ ಎನ್ನುವ ಈ ಕಾಯಿಲೆಯಲ್ಲಿ ಹೃದಯದ ಸ್ನಾಯು ಬಲ ಕಳೆದುಕೊಳ್ಳುತ್ತದೆ, ಕೋಣೆಗಳು ಹಿಗ್ಗುತ್ತವೆ, ಗೋಡೆ ತೆಳುವಾಗುತ್ತದೆ. ಎಕ್ಸ್‌ರೇಯಲ್ಲಿ ದೊಡ್ಡದಾಗಿ ಕಾಣುವುದು ಹಿಗ್ಗಿದ ಚೀಲ, ಬೆಳೆದ ಸ್ನಾಯುವಲ್ಲ. ಡಾಬರ್‌ಮನ್, ಗ್ರೇಟ್ ಡೇನ್, ಐರಿಷ್ ವುಲ್ಫ್‌ಹೌಂಡ್ ತಳಿಗಳಲ್ಲಿ ಇದು ವಂಶದಲ್ಲೇ ಹರಿದು ಬರುತ್ತದೆ. ಯುರೋಪಿನ ಡಾಬರ್‌ಮನ್‌ಗಳ ಬಗ್ಗೆ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಶೇಕಡಾ 58ರಷ್ಟು ನಾಯಿಗಳಲ್ಲಿ ಒಂದಲ್ಲ ಒಂದು ವಯಸ್ಸಿನಲ್ಲಿ ಈ ಕಾಯಿಲೆ ಕಂಡಿತು. ಕಾಕರ್ ಸ್ಪ್ಯಾನಿಯಲ್‌ನಂತಹ ಕೆಲವು ತಳಿಗಳಲ್ಲಿ ಟಾರಿನ್ ಕೊರತೆಯ ಪಾತ್ರವೂ ಇರುತ್ತದೆ. ಟಾರಿನ್ ಹಾರ್ಮೋನಲ್ಲ, ಆಹಾರದಲ್ಲಿ ಸಿಗುವ ಅಮೈನೋ ಆಮ್ಲ. ಆದ್ದರಿಂದ ಅದರ ಮಾತು ಇಲ್ಲಿಗೆ ಸಾಕು.

“ಹೃದಯದ ಕಾಯಿಲೆಗೂ ಹಾರ್ಮೋನಿಗೂ ಎಲ್ಲಿಂದೆಲ್ಲಿಯ ಸಂಬಂಧ?”

ಕುತ್ತಿಗೆಯ ರಕ್ತನಾಳದಲ್ಲೂ ಮಹಾಪಧಮನಿಯ ಕಮಾನಿನಲ್ಲೂ ರಕ್ತದೊತ್ತಡವನ್ನು ಸದಾ ಅಳೆಯುತ್ತಿರುವ ನರತುದಿಗಳಿವೆ. ಒತ್ತಡ ಇಳಿಯಿತು ಎಂಬ ಸುದ್ದಿ ಅವುಗಳಿಂದ ಮಿದುಳಿಗೆ ಹೋಗುತ್ತದೆ, ಇಳಿದದ್ದು ಯಾಕೆಂಬುದು ಹೋಗುವುದಿಲ್ಲ. ನಾಯಿಯ ಪೂರ್ವಜರ ಕಾಲದಲ್ಲಿ ಒತ್ತಡ ಇಳಿಯುತ್ತಿದ್ದದ್ದು ಬಹುಪಾಲು ಗಾಯವಾಗಿ ರಕ್ತ ಸೋರಿದಾಗ, ಇಲ್ಲವೇ ನೀರು ಸಿಗದಿದ್ದಾಗ. ಹಾಗಾಗಿ ದೇಹಕ್ಕೆ ಗೊತ್ತಿರುವ ಪರಿಹಾರವೂ ಅದಕ್ಕೆ ತಕ್ಕದ್ದೇ: ರಕ್ತನಾಳ ಬಿಗಿಹಿಡಿ, ಉಪ್ಪು ನೀರು ಹೊರಹೋಗದಂತೆ ತಡೆ, ಹೃದಯವನ್ನು ಜೋರಾಗಿ ಹೊಡೆಸು.

ಗಾಯವಾದ ನಾಯಿಯನ್ನು ಇದು ಬದುಕಿಸುತ್ತದೆ. ಹೃದಯವೇ ಸೋತಿರುವ ನಾಯಿಗೆ ಇದು ಮುಳುವಾಗುತ್ತದೆ. ಮೋಟಾರು ಸೊರಗಿದ ಪಂಪ್‌ಸೆಟ್ಟಿಗೆ ಪೈಪನ್ನು ಇನ್ನಷ್ಟು ಕಿರಿದು ಮಾಡಿ, ಬಾವಿಗೆ ಇನ್ನಷ್ಟು ನೀರು ತುಂಬಿಸಿ, ವೇಗ ಹೆಚ್ಚಿಸು ಎಂದಂತೆ. ಕೆಲಕಾಲ ಎಲ್ಲ ಸರಿಹೋದಂತೆ ಕಾಣುತ್ತದೆ. ಆಮೇಲೆ ತಡೆಹಿಡಿದ ನೀರು ಶ್ವಾಸಕೋಶಕ್ಕೆ, ಹೊಟ್ಟೆಗೆ ಇಳಿಯುತ್ತದೆ. ನಾವು ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಹೋರಾಡುವುದು ಹೃದಯದ ರೋಗದ ಜೊತೆಗಲ್ಲ, ದೇಹದ ಈ ತಪ್ಪು ಲೆಕ್ಕದ ಜೊತೆಗೆ.

“ಯಾವ ಯಾವ ಹಾರ್ಮೋನು ಏರುತ್ತದೆ?”

ಮೊದಲು ಮೇಲೇಳುವವು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್. ಎದೆಬಡಿತದ ವೇಗ ಇವುಗಳದ್ದು. ಕಿವಿಯ ತುದಿ, ಪಂಜ ತಣ್ಣಗಿರುವುದಕ್ಕೂ ಒಸಡು ಬಿಳಿಚಿಕೊಳ್ಳುವುದಕ್ಕೂ ಇವು ಚರ್ಮದ ರಕ್ತನಾಳಗಳನ್ನು ಹಿಂಡುವುದು ಒಂದು ಕಾರಣ.

ಬೆನ್ನಿಗೇ ಮೂತ್ರಪಿಂಡ ರೆನಿನ್ ಎಂಬುದನ್ನು ಬಿಡುತ್ತದೆ. ಸ್ವೀಡನ್ನಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ 1898ರಲ್ಲೇ ಮೊಲದ ಮೂತ್ರಪಿಂಡದಿಂದ ಇದನ್ನು ಕಂಡುಹಿಡಿದಿದ್ದರು. ಪಿತ್ತಜನಕಾಂಗ ಕೊಟ್ಟ ಕಚ್ಚಾವಸ್ತುವನ್ನು ರೆನಿನ್ ಕತ್ತರಿಸುತ್ತದೆ. ಹಾಗೆ ಸಿಕ್ಕ ಆಂಜಿಯೋಟೆನ್ಸಿನ್ 1 ಅನ್ನು ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಎಸಿಇ ಎಂಬ ಕಿಣ್ವ ಇನ್ನಷ್ಟು ಕತ್ತರಿಸಿ ಆಂಜಿಯೋಟೆನ್ಸಿನ್ 2 ಮಾಡುತ್ತದೆ. ಈ ಕೊನೆಯದು ರಕ್ತನಾಳವನ್ನು ಬಿಗಿಯುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಹೊರಡಿಸುತ್ತದೆ. ಆಲ್ಡೋಸ್ಟೆರಾನ್ ಸೋಡಿಯಂ ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಅಷ್ಟಕ್ಕೇ ಬಿಡದೆ ಹೃದಯದ ಸ್ನಾಯುವಿನ ನಡುವೆ ನಾರು ಬೆಳೆಸುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಗುಂಪಿನಲ್ಲಿ ಹೆಚ್ಚು ಕೇಡು ಮಾಡುವುದು ಇದೇ.

ಕಾಯಿಲೆ ಬಲಿತಾಗ ನೀರು ಹಿಡಿದಿಡುವ ವಾಸೋಪ್ರೆಸಿನ್ ಮತ್ತು ರಕ್ತನಾಳ ಬಿಗಿಯುವ ಎಂಡೋಥೀಲಿನ್ ಸಹ ಸೇರಿಕೊಳ್ಳುತ್ತವೆ.

“ಹೃದಯವೇ ಹಾರ್ಮೋನು ತಯಾರಿಸುತ್ತದೆ ಎಂದು ಓದಿದೆ. ನಿಜವೇ?”

ನಿಜ. ಕೆನಡಾದಲ್ಲಿ ಡಿ ಬೋಲ್ಡ್ ಎಂಬ ವಿಜ್ಞಾನಿ ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿ ನೋಡಿದಾಗ ಅವು ಯಥೇಚ್ಛವಾಗಿ ಉಪ್ಪು ನೀರು ಹೊರಹಾಕಿದವು. 1981ರಲ್ಲಿ ಅದು ಪ್ರಕಟವಾಯಿತು. ಆ ಹಾರ್ಮೋನು ಎಎನ್‌ಪಿ. ಅದರ ತಂಗಿಯಂತಿರುವ ಬಿಎನ್‌ಪಿ 1988ರಲ್ಲಿ ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ. ಹೃದಯದಲ್ಲೇ ಅದು ಹೆಚ್ಚಾಗಿರುತ್ತದೆ ಎಂದು ಆಮೇಲೆ ತಿಳಿಯಿತು. ಹೃದಯದ ಗೋಡೆ ಹಿಗ್ಗಿದಾಗ ಇವು ಹೊರಬರುತ್ತವೆ, ರಕ್ತನಾಳ ಸಡಿಲಿಸುತ್ತವೆ, ಮೂತ್ರದಲ್ಲಿ ಉಪ್ಪು ಕಳಿಸುತ್ತವೆ. ಅಂದರೆ ಆಲ್ಡೋಸ್ಟೆರಾನ್ ಪಡೆಗೆ ಎದುರಾಳಿಗಳು. ಕೊನೆಯ ಹಂತದಲ್ಲಿ ಇವು ಎಷ್ಟು ಏರಿದರೂ ಎದುರು ಪಡೆಯೇ ಗೆಲ್ಲುತ್ತದೆ.

“ನಮ್ಮ ನಾಯಿ ಚೆಂಡಿನ ಹಿಂದೆ ಓಡುತ್ತಿದೆ. ಒಳಗೆ ಹಾರ್ಮೋನು ಆಗಲೇ ಕೆಟ್ಟಿರುತ್ತದೆಯೇ?”

ಡಿಸಿಎಂಗೆ ಸದ್ದಿಲ್ಲದ ಹಂತವೊಂದಿದೆ. ಡಾಬರ್‌ಮನ್‌ನಲ್ಲಿ ಅದು ವರ್ಷಗಟ್ಟಲೆ ನಡೆಯಬಹುದು. ಆ ಹೊತ್ತಿಗೇ ಹೃದಯದ ಹಾರ್ಮೋನು ಏರಲು ಶುರುವಾಗಿರಬಹುದು. ರಕ್ತದಲ್ಲಿನ ರೆನಿನ್ ಮತ್ತು ಆಲ್ಡೋಸ್ಟೆರಾನ್ ಸಾಮಾನ್ಯವಾಗಿ ನಿಚ್ಚಳವಾಗಿ ಏರುವುದು ಹೃದಯ ವೈಫಲ್ಯ ಕಾಲಿಟ್ಟ ಮೇಲೆ, ಅಥವಾ ಮೂತ್ರ ಹೆಚ್ಚಿಸುವ ಔಷಧ ಶುರುವಾದ ಮೇಲೆ. ಕೆಲವು ಡಾಬರ್‌ಮನ್‌ಗಳಲ್ಲಿ ಮೊದಲ ಲಕ್ಷಣವೇ ಹಠಾತ್ ಸಾವು. ಆದ್ದರಿಂದ ಈ ತಳಿಗೆ ಮೂರನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮತ್ತು 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿ ಎದೆಬಡಿತ ದಾಖಲಿಸುವ ಯಂತ್ರ) ಪರೀಕ್ಷೆ ಮಾಡಿಸಿ ಎನ್ನುವುದು.

## ಪರೀಕ್ಷೆಯ ಚೀಟಿ ಕೈಗೆ ಬಂದಾಗ

“ಎಕೋ ದುಬಾರಿ. ಎನ್‌ಟಿ-ಪ್ರೊಬಿಎನ್‌ಪಿ ರಕ್ತಪರೀಕ್ಷೆ ಒಂದೇ ಸಾಲದೇ?”

ಬಿಎನ್‌ಪಿ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅದು ತಯಾರಾಗುವಾಗ ಕಳಚಿ ಬೀಳುವ ತುಂಡು ಎನ್‌ಟಿ-ಪ್ರೊಬಿಎನ್‌ಪಿ ಹೆಚ್ಚು ಹೊತ್ತು ಉಳಿಯುತ್ತದೆ, ಅದಕ್ಕೇ ಅದನ್ನು ಅಳೆಯುವುದು. ಉಬ್ಬಸದಿಂದ ಬಂದ ನಾಯಿಯಲ್ಲಿ ಕಾರಣ ಹೃದಯವೋ ಶ್ವಾಸಕೋಶವೋ ಎಂದು ಬೇರ್ಪಡಿಸಲು ಇದು ಒಳ್ಳೆಯ ನೆರವು. ಆದರೆ ಮೂತ್ರಪಿಂಡ ಸೋತಿದ್ದರೂ ಈ ಅಂಕಿ ಏರುತ್ತದೆ, ಒಂದೇ ನಾಯಿಯಲ್ಲಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಮಾದರಿಯನ್ನು ತಣ್ಣಗಿಡದಿದ್ದರೆ ಇಳಿದೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಡಾಬರ್‌ಮನ್‌ನಲ್ಲಿ ಬರೀ ಬಡಿತದ ಲಯ ಕೆಟ್ಟಿದ್ದು ಕೋಣೆ ಇನ್ನೂ ಹಿಗ್ಗದಿದ್ದರೆ ಇದು ಸಹಜವಾಗಿಯೇ ಬರಬಹುದು. ಹೋಲ್ಟರ್‌ನಲ್ಲಿ ದಿನಕ್ಕೆ 300ಕ್ಕಿಂತ ಹೆಚ್ಚು ತಪ್ಪು ಬಡಿತಗಳಿದ್ದರೆ ಡಾಬರ್‌ಮನ್‌ನಲ್ಲಿ ಅದನ್ನು ಡಿಸಿಎಂ ಎಂದೇ ಪರಿಗಣಿಸುತ್ತಾರೆ, ರಕ್ತಪರೀಕ್ಷೆ ಏನೇ ಹೇಳಲಿ. ಹಣಕ್ಕೆ ಕಟ್ಟುಪಾಡಿದ್ದರೆ ರಕ್ತಪರೀಕ್ಷೆಯಿಂದ ಶುರುಮಾಡಿ, ಅಲ್ಲಿಗೇ ನಿಲ್ಲಿಸಬೇಡಿ.

“ಟಿ4 ಕಡಿಮೆ ಬಂದಿದೆ. ಥೈರಾಯ್ಡ್‌ನಿಂದಲೇ ಹೃದಯ ಹಾಳಾಯಿತು ಅಲ್ಲವೇ?”

ಈ ಪ್ರಶ್ನೆ ಬರದ ವಾರವಿಲ್ಲ. ಲ್ಯಾಬ್ ವರದಿಯಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಪಕ್ಕದಲ್ಲಿ ಕೆಳಮುಖದ ಬಾಣ ಅಚ್ಚಾಗಿರುತ್ತದೆ, ಆ ಬಾಣವನ್ನು ಯಾರೋ ಕೆಂಪು ಪೆನ್ನಿನಲ್ಲಿ ಸುತ್ತುಹಾಕಿರುತ್ತಾರೆ. ಇಡೀ ಹಾಳೆಯಲ್ಲಿ ಮನೆಯವರ ಕಣ್ಣಿಗೆ ಬೀಳುವುದು ಅದೊಂದೇ.

ಬೇರೆ ಯಾವುದೇ ಗಂಭೀರ ಕಾಯಿಲೆ ಬಂದಾಗಲೂ ನಾಯಿಯ ದೇಹ ಥೈರಾಯ್ಡ್ ಹಾರ್ಮೋನನ್ನು ತಾನೇ ಇಳಿಸಿಕೊಳ್ಳುತ್ತದೆ. ಗ್ರಂಥಿ ಚೆನ್ನಾಗಿಯೇ ಇರುತ್ತದೆ. ಹೃದಯ ವೈಫಲ್ಯದಲ್ಲಿ ಇದು ಸಾಮಾನ್ಯ. ಕಾಯಿಲೆ ಹೆಚ್ಚಾದಷ್ಟೂ ಅಂಕಿ ಇಳಿಯುತ್ತದೆ. ತುರಿಕೆಗೆ ಕೊಟ್ಟ ಸ್ಟೀರಾಯ್ಡ್, ಫಿಟ್ಸ್‌ಗೆ ಕೊಟ್ಟ ಫಿನೋಬಾರ್ಬಿಟಾಲ್, ಸಲ್ಫಾ ಔಷಧಗಳೂ ಟಿ4 ಇಳಿಸುತ್ತವೆ. ಗ್ರೇಹೌಂಡ್‌ನಂತಹ ಓಟದ ನಾಯಿಗಳಲ್ಲಿ ಆರೋಗ್ಯವಾಗಿದ್ದಾಗಲೂ ಟಿ4 ಕಡಿಮೆಯೇ. ನಮ್ಮ ಮುಧೋಳವೂ ಅದೇ ಮೈಕಟ್ಟಿನ ಬೇಟೆನಾಯಿ, ಹಾಗಾಗಿ ಲ್ಯಾಬ್‌ನ ಸಾಮಾನ್ಯ ಅಳತೆಯನ್ನು ಅದಕ್ಕೆ ಕಣ್ಣುಮುಚ್ಚಿ ಹಿಡಿಯಬಾರದು.

ನಿಜವಾದ ಥೈರಾಯ್ಡ್ ಕೊರತೆಯಾದರೆ ಟಿ4 ಜೊತೆಗೆ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಉಳಿದ ಟಿ4) ಕೂಡ ಕಡಿಮೆಯಿರುತ್ತದೆ, ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಟಿಎಸ್‌ಎಚ್ ಸಾಮಾನ್ಯವಾಗಿ ಏರಿರುತ್ತದೆ. ನಾಯಿ ದಪ್ಪಗಾಗಿರುತ್ತದೆ, ಮಂಕಾಗಿರುತ್ತದೆ, ಬಾಲದ ಕೂದಲು ಉದುರಿರುತ್ತದೆ, ಎದೆಬಡಿತ ನಿಧಾನವಾಗಿರುತ್ತದೆ. ಹೃದಯ ಸೋತ ನಾಯಿ ಸೊರಗಿರುತ್ತದೆ, ಬಡಿತ ವೇಗವಾಗಿರುತ್ತದೆ. ಚಿತ್ರ ಎರಡೂ ತದ್ವಿರುದ್ಧ. ಡಾಬರ್‌ಮನ್‌ಗಳಲ್ಲಿ ಎರಡು ಕಾಯಿಲೆಗಳೂ ಹೆಚ್ಚು, ಒಂದೇ ನಾಯಿಯಲ್ಲಿ ಎರಡೂ ಇರಬಹುದು. ಇದರಿಂದಲೇ ಒಂದು ಇನ್ನೊಂದಕ್ಕೆ ಕಾರಣ ಎಂಬ ನಂಬಿಕೆ ಬೆಳೆದದ್ದು. ಇದನ್ನೇ ಪರೀಕ್ಷಿಸಲು ಡಾಬರ್‌ಮನ್‌ಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಥೈರಾಯ್ಡ್ ಕೊರತೆಯಿಂದ ಡಿಸಿಎಂ ಹುಟ್ಟುವುದೂ ಇಲ್ಲ, ಅದು ಬೆಳೆಯುವ ವೇಗವನ್ನು ಅದು ನಿರ್ಧರಿಸುವುದೂ ಇಲ್ಲ ಎಂದಿತು.

“ಇರಲಿ, ಥೈರಾಯ್ಡ್ ಮಾತ್ರೆ ಕೊಟ್ಟು ನೋಡಿದರೆ ನಷ್ಟವೇನು?”

ನಷ್ಟವಿದೆ. ಥೈರಾಯ್ಡ್ ಹಾರ್ಮೋನು ಮೈಯ ಆಮ್ಲಜನಕದ ಬೇಡಿಕೆ ಹೆಚ್ಚಿಸುತ್ತದೆ, ಬಡಿತ ಏರಿಸುತ್ತದೆ. ಸೋತ ಹೃದಯಕ್ಕೆ ಅದು ಹೆಚ್ಚಿನ ದುಡಿಮೆ. ಕೊರತೆ ಸಾಬೀತಾದ ನಾಯಿಗೂ ಹೃದಯದ ಕಾಯಿಲೆಯಿದ್ದರೆ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುವುದು ರೂಢಿ.

“ಪಕ್ಕದ ಮನೆಯ ಬೆಕ್ಕಿಗೆ ಥೈರಾಯ್ಡ್ ಹೆಚ್ಚಾಗಿ ಹೃದಯ ಕೆಟ್ಟಿತು. ನಾಯಿಗೂ ಹಾಗಾಗುತ್ತದೆಯೇ?”

ವಯಸ್ಸಾದ ಬೆಕ್ಕಿನಲ್ಲಿ ಅದು ಮಾಮೂಲು. ನಾಯಿಯಲ್ಲಿ ಅಪರೂಪ, ಕಂಡರೆ ಥೈರಾಯ್ಡ್ ಗಡ್ಡೆಯನ್ನೋ ಮಾತ್ರೆ ಹೆಚ್ಚಾದದ್ದನ್ನೋ ಹುಡುಕಬೇಕು.

## ಮಾತ್ರೆ, ಊಟ, ಮನೆಮದ್ದು

“ಇಷ್ಟೊಂದು ಮಾತ್ರೆ ಬರೆದಿದ್ದಾರೆ. ಒಂದೆರಡು ಬಿಟ್ಟರೆ ಆಗದೇ?”

ಒಂದೊಂದರ ಕೆಲಸ ತಿಳಿದರೆ ಬಿಡಲು ಮನಸ್ಸಾಗುವುದಿಲ್ಲ. ಪಿಮೋಬೆಂಡಾನ್ ಸ್ನಾಯುವಿಗೆ ಬಲ ಕೊಡುತ್ತದೆ, ನಾಳ ಸಡಿಲಿಸುತ್ತದೆ. ಪಟ್ಟಿಯಲ್ಲಿ ನೇರವಾಗಿ ಹೃದಯದ ಪರ ದುಡಿಯುವುದು ಮುಖ್ಯವಾಗಿ ಇದೊಂದೇ. ಸದ್ದಿಲ್ಲದ ಹಂತದಲ್ಲಿದ್ದ 76 ಡಾಬರ್‌ಮನ್‌ಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರೊಟೆಕ್ಟ್ ಅಧ್ಯಯನದಲ್ಲಿ, ಈ ಮಾತ್ರೆ ಪಡೆದ ನಾಯಿಗಳು ಹೃದಯ ವೈಫಲ್ಯ ಅಥವಾ ಹಠಾತ್ ಸಾವಿನವರೆಗೆ ಕಳೆದ ಮಧ್ಯಮ ಅವಧಿ 718 ದಿನ, ಪಡೆಯದವುಗಳದ್ದು 441 ದಿನ.

ಫ್ಯೂರೋಸೆಮೈಡ್ ಮೂತ್ರ ಹೆಚ್ಚಿಸಿ ಶ್ವಾಸಕೋಶದ ನೀರು ಇಳಿಸುತ್ತದೆ. ಅದಿಲ್ಲದೆ ಉಬ್ಬಸದ ನಾಯಿ ಉಳಿಯುವುದಿಲ್ಲ. ಆದರೆ ಅದು ನೀರು ಇಳಿಸಿದ ಕೂಡಲೇ ಮೂತ್ರಪಿಂಡ ಗಾಬರಿಬಿದ್ದು ಇನ್ನಷ್ಟು ರೆನಿನ್ ಬಿಡುತ್ತದೆ. ಆ ಸರಪಳಿಯನ್ನು ನಡುವೆ ಕಡಿಯಲು ಎಸಿಇ ಕಿಣ್ವವನ್ನು ತಡೆಯುವ ಬೆನಾಜೆಪ್ರಿಲ್ ಅಥವಾ ಎನಾಲಾಪ್ರಿಲ್ ಬೇಕು, ಕೊನೆಯ ಕೊಂಡಿಯಲ್ಲಿ ಆಲ್ಡೋಸ್ಟೆರಾನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಬೇಕು. ಹೃದಯ ವೈಫಲ್ಯವಿರುವ ನಾಯಿಗೆ ಫ್ಯೂರೋಸೆಮೈಡ್ ಒಂದನ್ನೇ ಕೊಟ್ಟು ಉಳಿದವನ್ನು ಬಿಟ್ಟರೆ, ಹಾರ್ಮೋನುಗಳ ಕಡೆಯಿಂದ ನೋಡಿದಾಗ ಬೆಂಕಿಗೆ ತುಪ್ಪ ಸುರಿದ ಹಾಗೆಯೇ. ಅಂದ ಹಾಗೆ, ಬೆನಾಜೆಪ್ರಿಲ್ ಬಂದ ವಂಶದ ಮೂಲ ಬ್ರೆಜಿಲ್‌ನ ಜರರಾಕಾ ಹಾವಿನ ವಿಷದ ಅಧ್ಯಯನ.

ಈ ಮಾತ್ರೆಗಳನ್ನು ಶುರುಮಾಡಿ ಒಂದೆರಡು ವಾರದೊಳಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ), ಸೋಡಿಯಂ, ಪೊಟ್ಯಾಸಿಯಂ ನೋಡಿಸಬೇಕು. ಕಾಲುನೋವಿಗೆಂದು ಮನೆಯಲ್ಲಿರುವ ನೋವಿನ ಮಾತ್ರೆ ಜೊತೆಗೆ ಕೊಟ್ಟರೆ ಮೂತ್ರಪಿಂಡ ಕೈಕೊಡಬಹುದು. ಐಬುಪ್ರೊಫೆನ್ ನಾಯಿಗೆ ಮೊದಲೇ ವಿಷ.

“ಬಕೆಟ್‌ಗಟ್ಟಲೆ ನೀರು ಕುಡಿದು ಮನೆಯೆಲ್ಲ ಒದ್ದೆ ಮಾಡುತ್ತದೆ. ರಾತ್ರಿ ನೀರು ಎತ್ತಿಡಲೇ?”

ಬೇಡ. ಬಾಯಾರಿಕೆ ಎರಡು ಕಡೆಯಿಂದ ಬರುತ್ತಿದೆ: ಔಷಧ ನೀರು ಹೊರಹಾಕುತ್ತಿದೆ, ಆಂಜಿಯೋಟೆನ್ಸಿನ್ ಮಿದುಳಿಗೆ ನೀರು ಬೇಕೆನ್ನುತ್ತಿದೆ. ನೀರು ತಡೆದರೆ ಒಂದೇ ರಾತ್ರಿಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಮಲಗುವ ಮುನ್ನ ಹೊರಗೆ ಬಿಡಿ. ಮೂತ್ರ ಹೆಚ್ಚಿಸುವ ಸಂಜೆಯ ಗುಳಿಗೆಯನ್ನು ಇನ್ನೂ ಬೇಗ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಕುಡಿಯುವುದು ಥಟ್ಟನೆ ಇನ್ನೂ ಹೆಚ್ಚಾದರೆ ಸಕ್ಕರೆ ಕಾಯಿಲೆ, ಕುಶಿಂಗ್ (ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ಕಾಯಿಲೆ), ಮೂತ್ರಪಿಂಡ ಮೂರನ್ನೂ ನೋಡಿಸಬೇಕು.

“ಉಪ್ಪು ಪೂರ್ತಿ ಬಿಡಿಸಬೇಕೇ?”

ಲಕ್ಷಣವೇ ಇಲ್ಲದ ನಾಯಿಗೆ ಉಪ್ಪನ್ನು ಕಟ್ಟುನಿಟ್ಟಾಗಿ ಕಡಿದರೆ ದೇಹ ಆಲ್ಡೋಸ್ಟೆರಾನ್ ಏರಿಸಿಕೊಳ್ಳುತ್ತದೆ. ನಾವು ತಡೆಯಲು ಹೊರಟದ್ದನ್ನು ನಾವೇ ಎಬ್ಬಿಸಿದಂತೆ. ಆ ಹಂತದಲ್ಲಿ ಹಪ್ಪಳ, ಉಪ್ಪಿನಕಾಯಿ ಬೆರೆತ ಅನ್ನ, ಚೀಸ್, ಖಾರದ ಬಿಸ್ಕತ್ತು ನಿಲ್ಲಿಸಿದರೆ ಸಾಕು. ವೈಫಲ್ಯ ಬಂದ ಮೇಲೆ ಇನ್ನೂ ಇಳಿಸಬೇಕು. ಅನ್ನ, ರಾಗಿ, ಕೋಳಿ ಬೇಯಿಸುವಾಗ ಉಪ್ಪು ಹಾಕುವ ಮೊದಲೇ ಅದರ ಪಾಲು ತೆಗೆದಿಡಿ. ಸಾರನ್ನ ಯಾವ ಹಂತದಲ್ಲೂ ಬೇಡ, ಅದರಲ್ಲಿ ಉಪ್ಪಿನ ಜೊತೆ ನಾಯಿಗೆ ಆಗದ ಈರುಳ್ಳಿಯೂ ಇರುತ್ತದೆ. ಹಾಗೆಂದು ಸಪ್ಪೆ ಊಟವನ್ನು ಮೂಸಿ ಬಿಟ್ಟುಹೋದರೆ ಹಠ ಹಿಡಿಯಬೇಡಿ. ತಿನ್ನದೆ ಇರುವುದು ಸ್ವಲ್ಪ ಉಪ್ಪಿಗಿಂತ ಕೆಟ್ಟದ್ದು.

“ಕೆಮ್ಮಿಗೆ ಜ್ಯೇಷ್ಠಮಧು, ಹೃದಯಕ್ಕೆ ಹೊಳೆಮತ್ತಿ ಚಕ್ಕೆ, ಶಕ್ತಿಗೆ ಅಶ್ವಗಂಧ ಕೊಡಬಹುದೇ?”

ಜ್ಯೇಷ್ಠಮಧು ಖಂಡಿತ ಬೇಡ. ಕಾರಣ ಹಾರ್ಮೋನಿನದ್ದೇ. ಮೂತ್ರಪಿಂಡದಲ್ಲಿ ಆಲ್ಡೋಸ್ಟೆರಾನ್ ಕೂರುವ ಜಾಗದಲ್ಲಿ ಕಾರ್ಟಿಸಾಲ್ ಕೂರದಂತೆ ಒಂದು ಕಿಣ್ವ ಕಾಯುತ್ತಿರುತ್ತದೆ. ಜ್ಯೇಷ್ಠಮಧುವಿನ ಗ್ಲಿಸಿರೈಜಿನ್ ಆ ಕಿಣ್ವವನ್ನು ತಡೆಹಿಡಿಯುತ್ತದೆ. ಆಗ ಕಾರ್ಟಿಸಾಲ್ ಕೂಡ ಆಲ್ಡೋಸ್ಟೆರಾನಿನಂತೆ ವರ್ತಿಸಿ ಉಪ್ಪು ಹಿಡಿದಿಡುತ್ತದೆ, ಪೊಟ್ಯಾಸಿಯಂ ಕಳೆಯುತ್ತದೆ. ಕೆಮ್ಮು ಬರುತ್ತಿರುವುದೇ ಶ್ವಾಸಕೋಶದ ನೀರಿನಿಂದಾಗಿದ್ದರೆ, ಕೆಮ್ಮಿನ ಮದ್ದೇ ಆ ನೀರನ್ನು ಹೆಚ್ಚಿಸುತ್ತದೆ. ಅಂಗಡಿಯ ಎಷ್ಟೋ ಗಿಡಮೂಲಿಕೆ ಕೆಮ್ಮಿನ ಸಿರಪ್‌ಗಳಲ್ಲಿ ಇದಿದೆ, ಶೀಷೆಯ ಹಿಂಬದಿ ಓದಿ. ಅಶ್ವಗಂಧ ಮನುಷ್ಯರಲ್ಲಿ ಥೈರಾಯ್ಡ್ ಹಾರ್ಮೋನು ಏರಿಸಿದ ಉದಾಹರಣೆಗಳಿವೆ, ಅದೂ ಬೇಡ. ಹೊಳೆಮತ್ತಿಗೆ ನಾಯಿಗೆ ಎಷ್ಟು ಎಂಬ ಖಚಿತ ಪ್ರಮಾಣವಿಲ್ಲ. ಕೊಡಲೇಬೇಕೆಂಬ ಆಸೆಯಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಮಾತ್ರೆಯನ್ನಂತೂ ಅದಕ್ಕಾಗಿ ನಿಲ್ಲಿಸಬೇಡಿ.

“ಊಟ ಮಾಡುತ್ತದೆ, ಆದರೂ ಬೆನ್ನುಮೂಳೆ ಎದ್ದು ಕಾಣುತ್ತದೆ. ಯಾಕೆ?”

ಅಂಗೈಯನ್ನು ನಾಯಿಯ ಬೆನ್ನ ಮೇಲೆ ಅಡ್ಡಲಾಗಿ ಇಟ್ಟು ಹಿಂದಕ್ಕೆ ಸರಿಸಿ. ಮೂಳೆಯ ಎರಡೂ ಬದಿ ಸ್ನಾಯು ತುಂಬಿ ಸಿಗಬೇಕು. ಅಲ್ಲಿ ತಗ್ಗು ಸಿಕ್ಕಿ, ಹಣೆಯ ಪಕ್ಕದಲ್ಲೂ ಗುಳಿ ಬಿದ್ದಿದ್ದರೆ ಅದು ಬರೀ ತೂಕ ಇಳಿದದ್ದಲ್ಲ, ಸ್ನಾಯು ಕರಗಿದ್ದು. ಹಸಿದ ಆರೋಗ್ಯವಂತ ನಾಯಿ ಮೊದಲು ಕೊಬ್ಬು ಕರಗಿಸಿಕೊಳ್ಳುತ್ತದೆ. ಹೃದಯ ಸೋತ ನಾಯಿ ಸ್ನಾಯುವನ್ನು ಕರಗಿಸುತ್ತದೆ. ನಾರ್‌ಅಡ್ರಿನಲಿನ್, ಕಾರ್ಟಿಸಾಲ್, ಉರಿಯೂತದ ಟಿಎನ್‌ಎಫ್ ಎಂಬ ರಾಸಾಯನಿಕ ಇವೆಲ್ಲ ಸೇರಿ ದೇಹವನ್ನು ಸದಾ ಒಡೆಯುವ ಕಡೆಗೆ ತಳ್ಳುತ್ತಿರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ತಕ್ಕಡಿಯಲ್ಲಿ ಇದು ಕಾಣುವುದೇ ಇಲ್ಲ, ಆದ್ದರಿಂದ ಕೈಯಲ್ಲೇ ನೋಡಬೇಕು. ಮೂತ್ರಪಿಂಡ ಸರಿಯಿದ್ದರೆ ಪ್ರೋಟೀನು ಕಡಿಮೆ ಮಾಡಬೇಡಿ. ಮೀನೆಣ್ಣೆಯ ಒಮೆಗಾ-3 ಉರಿಯೂತ ತಗ್ಗಿಸಿ ಸ್ನಾಯು ಕರಗುವುದನ್ನು ಸ್ವಲ್ಪ ತಡೆಯುತ್ತದೆ. ಇದಕ್ಕೆ ಒಳ್ಳೆಯ ಆಧಾರವಿದೆ.

“ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹೃದಯಕ್ಕೆ ಲಾಭವೋ ನಷ್ಟವೋ?”

ಕಾಯಿಲೆ ಗಂಡು ಹೆಣ್ಣು ಎರಡಕ್ಕೂ ಬರುತ್ತದೆ. ಗಂಡು ಡಾಬರ್‌ಮನ್‌ನಲ್ಲಿ ಹೃದಯ ಹಿಗ್ಗುವುದು ಬೇಗ ಕಾಣಿಸಿಕೊಳ್ಳುತ್ತದೆ. ಹೆಣ್ಣಿನಲ್ಲಿ ಲಯ ತಪ್ಪುವುದೊಂದೇ ಬಹಳ ಕಾಲ ಇರುವುದುಂಟು. ಶಸ್ತ್ರಚಿಕಿತ್ಸೆಯಿಂದ ಡಿಸಿಎಂ ತಪ್ಪಿಸಬಹುದು ಎನ್ನಲು ಆಧಾರವಿಲ್ಲ. ನನ್ನ ಕಳಕಳಿ ಅರಿವಳಿಕೆಯದ್ದು. ಡಾಬರ್‌ಮನ್‌ಗೆ ಯಾವ ಶಸ್ತ್ರಚಿಕಿತ್ಸೆಯೇ ಆಗಲಿ, ಮೊದಲು ಹೃದಯ ಪರೀಕ್ಷೆ ಆಗಲಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

“ಬೆನಾಜೆಪ್ರಿಲ್ ಕೊಡುತ್ತಿದ್ದೇವಲ್ಲ, ಆಲ್ಡೋಸ್ಟೆರಾನ್ ನಿಂತುಹೋಗಬೇಕಲ್ಲವೇ?”

ನಿಲ್ಲಬೇಕಿತ್ತು, ಆದರೆ ಎಷ್ಟೋ ನಾಯಿಗಳಲ್ಲಿ ನಿಲ್ಲುವುದಿಲ್ಲ. ಎಸಿಇ ಕಿಣ್ವದ ದಾರಿ ಮುಚ್ಚಿದರೂ ಕೈಮೇಸ್ ಎಂಬ ಬೇರೆ ಕಿಣ್ವ ಆಂಜಿಯೋಟೆನ್ಸಿನ್ 2 ತಯಾರಿಸಬಲ್ಲದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಅದೊಂದೇ ಅಡ್ರಿನಲ್ ಗ್ರಂಥಿಯನ್ನು ಆಲ್ಡೋಸ್ಟೆರಾನ್ ಬಿಡುವಂತೆ ಮಾಡಬಲ್ಲದು. ಮೂತ್ರದಲ್ಲಿ ಆಲ್ಡೋಸ್ಟೆರಾನ್ ಮತ್ತು ಕ್ರಿಯಾಟಿನಿನ್ ಅನುಪಾತ ಅಳೆದ ಸಂಶೋಧನೆಗಳು ಈ ನುಸುಳುವಿಕೆಯನ್ನು ನಾಯಿಗಳಲ್ಲಿ ತೋರಿಸಿವೆ. ಸ್ಪೈರೊನೊಲ್ಯಾಕ್ಟೋನನ್ನು ದುರ್ಬಲ ಮೂತ್ರವರ್ಧಕ ಎಂದು ತಳ್ಳಿಹಾಕಬಾರದು ಎನ್ನುವುದು ಇದಕ್ಕೇ. ಅದು ಇಲ್ಲಿ ಬಂದಿರುವುದು ಮೂತ್ರ ಹೆಚ್ಚಿಸಲಿಕ್ಕಲ್ಲ.

“ನಾರ್‌ಅಡ್ರಿನಲಿನ್ ಇಷ್ಟು ಕೆಟ್ಟದಾದರೆ ಬೀಟಾ ಬ್ಲಾಕರ್ ಕೊಟ್ಟು ಮುಗಿಸಬಾರದೇ? ಮನುಷ್ಯರಿಗೆ ಕೊಡುತ್ತಾರಲ್ಲ.”

ಬೀಟಾ ಬ್ಲಾಕರ್ ಎಂದರೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹೃದಯದಲ್ಲಿ ಕೂರುವ ಬೀಟಾ ಗ್ರಾಹಕಗಳನ್ನು ಮುಚ್ಚುವ ಔಷಧ. ಮನುಷ್ಯರಲ್ಲಿ ಅದು ಆಯುಸ್ಸು ಹೆಚ್ಚಿಸುತ್ತದೆ, ನಿಜ. ಡಿಸಿಎಂ ನಾಯಿಗಳಲ್ಲಿ ಅಂಥ ಸ್ಪಷ್ಟ ಲಾಭ ಕಂಡಿಲ್ಲ. ಸೋತ ಹೃದಯ ನಾರ್‌ಅಡ್ರಿನಲಿನ್‌ನ ಹೊಡೆತಕ್ಕೆ ತನ್ನ ಬೀಟಾ ಗ್ರಾಹಕಗಳನ್ನು ಆಗಲೇ ಕಡಿಮೆ ಮಾಡಿಕೊಂಡಿರುತ್ತದೆ, ಉಳಿದಷ್ಟರ ಬಲದಲ್ಲೇ ದಿನ ತಳ್ಳುತ್ತಿರುತ್ತದೆ. ಆ ಆಸರೆಯನ್ನು ಒಮ್ಮೆಲೇ ಕಿತ್ತರೆ ನಾಯಿ ಕುಸಿಯಬಹುದು. ಶ್ವಾಸಕೋಶದಲ್ಲಿ ನೀರಿರುವಾಗ ಬೀಟಾ ಬ್ಲಾಕರ್ ಶುರುಮಾಡುವುದಿಲ್ಲ. ಲಯ ತಪ್ಪಿದ ಡಾಬರ್‌ಮನ್‌ಗೆ ಸೋಟಲಾಲ್ ಕೊಡುವುದುಂಟು, ಅದರಲ್ಲೂ ಬೀಟಾ ಬ್ಲಾಕರ್ ಗುಣವಿದೆ. ಆದ್ದರಿಂದಲೇ ಅದನ್ನು ಅಳೆದು ತೂಗಿ ಕೊಡುತ್ತಾರೆ.

“ರಕ್ತದಲ್ಲಿ ಸೋಡಿಯಂ ಕಡಿಮೆ ಎಂದು ಬಂದಿದೆ. ಈಗಲಾದರೂ ಉಪ್ಪು ಹಾಕಲೇ?”

ಹಾಕಬೇಡಿ. ಮೈಯಲ್ಲಿ ಉಪ್ಪು ಕಡಿಮೆಯಾಗಿಲ್ಲ, ಸಾಮಾನ್ಯವಾಗಿ ಅದು ಹೆಚ್ಚೇ ಇರುತ್ತದೆ. ವಾಸೋಪ್ರೆಸಿನ್ ಉಪ್ಪಿಗಿಂತ ಹೆಚ್ಚಾಗಿ ಬರೀ ನೀರನ್ನು ಹಿಡಿದಿಟ್ಟಿರುವುದರಿಂದ ಉಪ್ಪು ತೆಳುವಾಗಿ ಕಾಣುತ್ತಿದೆ. ಮೂತ್ರವರ್ಧಕದ ಪ್ರಮಾಣ ಹೆಚ್ಚಿದಾಗಲೂ ಹೀಗಾಗಬಹುದು. ಎರಡನೆಯ ಬಾರಿಯೂ ಹೀಗೇ ಬಂದರೆ ಕಾಯಿಲೆ ಬಲಿತಿದೆ ಎಂದು ತಿಳಿಯಬೇಕು. ಇಂಥ ಹೊತ್ತಿನಲ್ಲಿ ರಕ್ತದ ಅಂಕಿಗಿಂತ ಉಸಿರಿನ ಅಂಕಿ ಮೊದಲು ಮಾತಾಡುತ್ತದೆ. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ಎಂದು ಎಣಿಸಿ, ಪೂರ್ತಿ ಒಂದು ನಿಮಿಷ. ಕಾಲು ಅದುರಿಸುತ್ತ ಕನಸು ಕಾಣುತ್ತಿದ್ದರೆ ಕಾಯಿರಿ. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಆಗಲೂ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿ.

“ಹೃದಯ ತಾನೇ ಮಾಡುವ ಒಳ್ಳೆಯ ಹಾರ್ಮೋನನ್ನು ಔಷಧವಾಗಿ ಕೊಡಲು ಬರುವುದಿಲ್ಲವೇ?”

ನೇರವಾಗಿ ಕೊಟ್ಟರೆ ಬೇಗ ಒಡೆದುಹೋಗುತ್ತದೆ. ಹಾಗಾಗಿ ಅದನ್ನು ಒಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನೇ ತಡೆಯುವ ಉಪಾಯ ಮಾಡಿದರು. ಸಕ್ಯುಬಿಟ್ರಿಲ್ ಮತ್ತು ವಾಲ್ಸಾರ್ಟಾನ್ ಬೆರೆತ ಮಾತ್ರೆ 2015ರಲ್ಲಿ ಮನುಷ್ಯರಿಗೆ ಬಂತು: ಒಂದು ಪಾಲು ಒಳ್ಳೆಯ ಹಾರ್ಮೋನನ್ನು ಉಳಿಸುತ್ತದೆ, ಇನ್ನೊಂದು ಪಾಲು ಆಂಜಿಯೋಟೆನ್ಸಿನ್‌ಗೆ ಅಡ್ಡ ನಿಲ್ಲುತ್ತದೆ. ನಾಯಿಗಳಲ್ಲಿ ಸಣ್ಣ ಅಧ್ಯಯನಗಳಷ್ಟೇ ನಡೆದಿವೆ. ಆಯುಸ್ಸು ಹೆಚ್ಚುತ್ತದೆ ಎಂದು ಹೇಳುವಷ್ಟು ಪುರಾವೆ ಇನ್ನೂ ಸಿಕ್ಕಿಲ್ಲ. ಇದನ್ನು ಬೆನಾಜೆಪ್ರಿಲ್ ಜೊತೆ ಸೇರಿಸಿ ಕೊಡುವಂತಿಲ್ಲ, ಎರಡೂ ಸೇರಿದರೆ ಮುಖ ಮತ್ತು ಗಂಟಲು ಊದುವ ಅಪಾಯವಿದೆ ಎಂದು ಮನುಷ್ಯರ ಅನುಭವ ಹೇಳುತ್ತದೆ. ಮನೆಯಲ್ಲಿ ಅಜ್ಜನಿಗೆ ಬರೆದ ಈ ಮಾತ್ರೆಯನ್ನು ಅರ್ಧ ಮಾಡಿ ನಾಯಿಗೆ ಕೊಡಬಹುದೇ ಎಂದು ಕೇಳಿದವರಿದ್ದಾರೆ. ಕೊಡಬಾರದು.